ಬೂತಾಯಿ ಎಲ್ಲಿ ಹೋಯಿತು?

ಮಲ್ಪೆ ಬಂದರಿನ ದಕ್ಕೆಯಲ್ಲಿ ಬೆಳಗಿನ ಏಲಂ ಮುಗಿಯುವ ಹೊತ್ತು. ಐಸ್ ಕರಗಿದ ನೀರು ಕಾಲಡಿಯಲ್ಲಿ ಹರಿಯುತ್ತಿತ್ತು. ಪರಿಚಯದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಸಿನಾಪ್ಸಿಸ್ ಹಾಳೆ ಹಿಡಿದು ಬೂತಾಯಿ ಮೀನಿನ ಬುಟ್ಟಿಯ ಮುಂದೆ ಕೂತಿದ್ದಳು. “ಅಕ್ಕ, ಬೂತಾಯಿ ಕೆಲವು ವರ್ಷ ರಾಶಿ ಬರ್ತದೆ, ಕೆಲವು ವರ್ಷ ಇಲ್ಲವೇ ಇಲ್ಲ. ಯಾಕೆ?”

ಮೀನು ಮಾರುವ ಅಕ್ಕ ತಲೆ ಎತ್ತಲಿಲ್ಲ. “ಅದನ್ನು ಬೂತಾಯಿ ಹತ್ರವೇ ಕೇಳ್ಬೇಕು ಮಾರಾಯ್ತಿ.”

ಹಾಳೆ ನನ್ನ ಕೈಗೆ ಬಂತು. ‘ಸಂಶೋಧನಾ ಪ್ರಶ್ನೆ’ ಎಂಬಲ್ಲಿ, “ಸಮುದ್ರದ ಬಿಸಿ ಬೂತಾಯಿಯ ಮೇಲೆ ಪರಿಣಾಮ ಬೀರುತ್ತದೆಯೇ?” ಎಂದಿತ್ತು. ಅದರ ಕೆಳಗೆ ‘ಪ್ರಾಕ್ಕಲ್ಪನೆ’ ಎಂಬಲ್ಲಿ, “ಸಮುದ್ರದ ಬಿಸಿ ಬೂತಾಯಿಯ ಮೇಲೆ ಪರಿಣಾಮ ಬೀರುತ್ತದೆ.” ಪ್ರಶ್ನಾರ್ಥಕ ಚಿಹ್ನೆ ಅಳಿಸಿ ಚುಕ್ಕಿ ಇಟ್ಟದ್ದಷ್ಟೇ ವ್ಯತ್ಯಾಸ. ಇದು ಅವಳೊಬ್ಬಳ ಎಡವಟ್ಟಲ್ಲ. ಸಂಶೋಧನೆಗೆ ಹೊಸತಾಗಿ ಇಳಿದವರು ಹೆಚ್ಚಾಗಿ ಮುಗ್ಗರಿಸುವ ಹೊಸ್ತಿಲೇ ಇದು.

ಪ್ರಶ್ನೆ ಕೇಳುವವರು ತಮಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಪ್ರಾಕ್ಕಲ್ಪನೆ ಕಟ್ಟುವವರು ಇನ್ನೊಂದು ಹೆಜ್ಜೆ ಮುಂದಿಟ್ಟು, ಉತ್ತರ ಬಹುಶಃ ಇದೇ ಎಂದು ಮೊದಲೇ ಬಾಯಿಬಿಟ್ಟು ಹೇಳುತ್ತಾರೆ. ಆ ಮಾತು ಸುಳ್ಳಾಗುವುದಕ್ಕೂ ದಾರಿ ಬಿಟ್ಟಿರುತ್ತಾರೆ. “ಪರಿಣಾಮ ಬೀರುತ್ತದೆ” ಎಂದರೆ ಮೀನು ಹೆಚ್ಚಿದರೂ ಸರಿ, ಕಡಿಮೆಯಾದರೂ ಸರಿ. ಹೀಗೆ ಎತ್ತ ತಿರುಗಿದರೂ ಗೆಲ್ಲುವ ಮಾತನ್ನು ಒರೆಗೆ ಹಚ್ಚುವುದು ಹೇಗೆ?

ದಕ್ಕೆಯಲ್ಲಿ ಬೂತಾಯಿಯ ಪ್ರಶ್ನೆಗೆ ಉತ್ತರಗಳ ಬರವಿಲ್ಲ. ನಾಡದೋಣಿಯವರು ಪರ್ಸೀನ್ ಬೋಟುಗಳತ್ತ ಬೆರಳು ತೋರಿಸಿ, ಮರಿಗಳನ್ನೂ ಬಾಚಿದರು ಎನ್ನುತ್ತಾರೆ. ಇನ್ನೊಬ್ಬರು ಲೈಟ್ ಫಿಶಿಂಗ್ ಎನ್ನುತ್ತಾರೆ, ಮತ್ತೊಬ್ಬರು ಮಳೆಯನ್ನು ದೂರುತ್ತಾರೆ. ಪ್ರಶ್ನೆ ಒಂದೇ, ಊಹೆ ಹಲವು. ಪ್ರತಿ ಊಹೆಗೂ ಅಳತೆ ಜೋಡಿಸಿದರೆ ಅದು ಪ್ರಾಕ್ಕಲ್ಪನೆಯಾಗುತ್ತದೆ.

ವಿಜ್ಞಾನಿಗಳು ಮಾಡಿದ್ದೂ ಇದನ್ನೇ. 1955ರಲ್ಲಿ ಆರ್.ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್, ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೇ ಬೂತಾಯಿ ಸಮೃದ್ಧಿಯ ಸೂಚಕ ಎಂದು ಬರೆದರು. ಈ ಮಾತಿಗೆ ಎದೆಗಾರಿಕೆ ಇದೆ. ನೀರು ತೆಗೆದು ಪಾಚಿ ಎಣಿಸಬಹುದು, ದಡಕ್ಕೆ ಬಂದ ಮೀನು ತೂಗಬಹುದು. ಎರಡೂ ಹೊಂದದಿದ್ದರೆ ಮಾತು ಬಿದ್ದುಹೋಗುತ್ತದೆ. ದಶಕಗಳ ನಂತರ ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಈ ನಡುವೆ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾರಣ ಹುಡುಕುತ್ತ, ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೋ ಕಡೆ ನೋಡಿದರು. ಪ್ರಶ್ನೆ ಮಾತ್ರ ಹಳೆಯದೇ ಉಳಿಯಿತು.

ಒಳ್ಳೆಯ ಪ್ರಾಕ್ಕಲ್ಪನೆ ಹೇಗಿರುತ್ತದೆ ಎಂದು ನೋಡಲು ಮಲ್ಪೆಯಿಂದ ದೋಣಿ ಹತ್ತಿ ತೋನ್ಸೆಪಾರಿಗೆ, ಅಂದರೆ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಬಂಡೆಗಳು ಯಾರೋ ಕೆತ್ತಿ ನಿಲ್ಲಿಸಿದ ಕಂಬಗಳಂತಿವೆ. ಅಂಚಿನ ಮೇಲೆ ಬೆರಳು ಓಡಿಸುತ್ತ ಲೆಕ್ಕ ಹಾಕಿದರೆ ಕೆಲವಕ್ಕೆ ಆರು ಮುಖ, ಕೆಲವಕ್ಕೆ ಐದು. ಲಾವಾ ತಣ್ಣಗಾಗಿ ಕುಗ್ಗುವಾಗ ಬಿಟ್ಟ ಬಿರುಕುಗಳೇ ಈ ಅಂಚುಗಳು.

ಈ ಲಾವಾ ಯಾವಾಗ ಹರಿಯಿತು? ಇದು ಪ್ರಶ್ನೆ. ಇದಕ್ಕೆ ಎರಡು ಉತ್ತರ ಸಾಧ್ಯವಿತ್ತು. ದಖನ್ ಪ್ರಸ್ಥಭೂಮಿಯ ಲಾವಾದ ಜೊತೆ ಹರಿದದ್ದಾದರೆ ವಯಸ್ಸು ಸುಮಾರು 6.6 ಕೋಟಿ ವರ್ಷ ಬರಬೇಕು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಾಗಿನದ್ದಾದರೆ ಅಲ್ಲಿನ ಲಾವಾದಂತೆ 8.8 ಕೋಟಿಯ ಆಸುಪಾಸು ಬರಬೇಕು. ಹೇಳಿಕೆ ಇಷ್ಟು ಖಚಿತವಾಗಿದ್ದರೆ ಕಲ್ಲೇ ತೀರ್ಪು ಕೊಡುತ್ತದೆ. 2000ದಲ್ಲಿ ಜಿರ್ಕಾನ್ ಹರಳುಗಳಿಂದ ಸಿಕ್ಕ ವಯಸ್ಸು 9.12 ಕೋಟಿ, 2001ರಲ್ಲಿ ಆರ್ಗಾನ್ ಅನಿಲದ ಲೆಕ್ಕದಿಂದ ಸಿಕ್ಕಿದ್ದು 8.56 ಕೋಟಿ. ದಖನ್ ಪಕ್ಷ ಸೋತಿತು. ಆದರೆ ಈ ಎರಡು ಅಂಕಿಗಳ ನಡುವೆ ಐವತ್ತು ಲಕ್ಷ ವರ್ಷಕ್ಕೂ ಮಿಕ್ಕಿದ ಅಂತರವಿದೆ. ಅದು ಯಾಕೆ? ಗೆದ್ದ ಪ್ರಾಕ್ಕಲ್ಪನೆ ಹೋಗುವಾಗ ಹೊಸ ಪ್ರಶ್ನೆಯೊಂದನ್ನು ಬಿಟ್ಟು ಹೋಯಿತು.

ಹಾಗೆಂದು ಪ್ರತಿ ಸಂಶೋಧನೆಗೂ ಪ್ರಾಕ್ಕಲ್ಪನೆ ಬೇಕೆಂದಿಲ್ಲ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಗೋವಿಂದ ಪೈ ಸಂಶೋಧನಾ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ತುಳು ನಿಘಂಟಿನ ಆರು ಸಂಪುಟಗಳು ಬಂದವು. ಆ ಕೆಲಸವನ್ನು ನಡೆಸಿದ್ದು ತುಳುವರು ಯಾವುದಕ್ಕೆ ಏನನ್ನುತ್ತಾರೆ, ಯಾವ ಊರಲ್ಲಿ ಹೇಗನ್ನುತ್ತಾರೆ ಎಂಬ ಪ್ರಶ್ನೆ. ಉತ್ತರವನ್ನು ಮೊದಲೇ ಊಹಿಸಿ ಹೊರಟಿದ್ದರೆ ಊಹೆಯಾಚೆಗಿನ ಪದಗಳು ಕಿವಿಗೇ ಬೀಳುತ್ತಿರಲಿಲ್ಲ. ಜನರ ಬದುಕು, ನುಡಿ, ನಂಬಿಕೆಗಳನ್ನು ಅರಿಯಹೊರಟವರಿಗೆ ಎಷ್ಟೋ ಸಲ ಒಳ್ಳೆಯ ಪ್ರಶ್ನೆಯೇ ಸಾಕು. ಸಿನಾಪ್ಸಿಸ್‌ನಲ್ಲಿ ಖಾಲಿ ಜಾಗ ಕಂಡಿತೆಂದು ತುರುಕಿದ ಪ್ರಾಕ್ಕಲ್ಪನೆಗಿಂತ ಖಾಲಿ ಜಾಗವೇ ಮೇಲು.

ಮುಂದಿನ ವಾರ ಹುಡುಗಿ ತಿದ್ದಿದ ಹಾಳೆ ಹಿಡಿದು ಮತ್ತೆ ದಕ್ಕೆಗೆ ಬಂದಳು. ಪ್ರಶ್ನೆ: ಬೂತಾಯಿ ಇಳುವರಿ ವರ್ಷದಿಂದ ವರ್ಷಕ್ಕೆ ಏರಿಳಿಯುವುದೇಕೆ? ಪ್ರಾಕ್ಕಲ್ಪನೆ: ಮಳೆಗಾಲಕ್ಕೆ ಮುಂಚೆ ಸಮುದ್ರದ ಮೇಲ್ನೀರು ವಾಡಿಕೆಗಿಂತ ಬಿಸಿಯಾದರೆ ಮರುವರ್ಷದ ಇಳುವರಿ ಕುಸಿಯುತ್ತದೆ. ಅದೇ ಅಕ್ಕನಿಗೆ ಓದಿ ಹೇಳಿದಳು.

“ನೀನು ಹೇಳಿದ ಹಾಗೆ ಆಗದಿದ್ರೆ?”

“ಆಗ್ಲಿಲ್ಲ ಅಂತ್ಲೇ ಬರೀಬೇಕು ಅಕ್ಕ.”

“ಮತ್ತೆ? ಬೋಟು ಖಾಲಿ ಬಂದ್ರೆ ನಾವೂ ಖಾಲಿ ಅಂತ್ಲೇ ಹೇಳುದಲ್ವಾ” ಎಂದು ಅಕ್ಕ ಬುಟ್ಟಿಗೆ ಐಸ್ ಹಾಕತೊಡಗಿದರು.