ಬಣ್ಣ ಎಲ್ಲಿ ಕೂತಿದೆ?

ದೆಹಲಿಯ ಚಾಣಕ್ಯಪುರಿಯ ಯಶವಂತ ಪ್ಲೇಸಿನ ಆಭರಣದಂಗಡಿಗಳಲ್ಲಾಗಲಿ, ಬಾಬಾ ಖಡಕ್ ಸಿಂಗ್ ಮಾರ್ಗದ ನಮ್ಮ ಕಾವೇರಿ ಎಂಪೋರಿಯಂನಲ್ಲಾಗಲಿ, ಮಣಿಸರ ಕೊಳ್ಳುವವರು ಕೇಳುವ ಪ್ರಶ್ನೆ ಒಂದೇ: ಬಣ್ಣ ಹೋಗುತ್ತದೆಯೇ? ಇಲ್ಲವೆನ್ನುವುದು ಅಂಗಡಿಯ ಧರ್ಮ. ಪ್ರಶ್ನೆಯೇ ತುಸು ತಪ್ಪು ಎಂಬುದು ನನ್ನ ವಾದ. ಬಣ್ಣ ಮಣಿಯಲ್ಲಿ ಎಲ್ಲಿ ಕೂತಿದೆ ಎಂದು ಕೇಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಬಣ್ಣ ಬಿಡುವುದು ಬೇರೆ, ಮಾಸುವುದು ಬೇರೆ ಎಂದು ಕನ್ನಡ ಮೊದಲೇ ಬೇರ್ಪಡಿಸಿಟ್ಟಿದೆ. ಬಿಟ್ಟ ಬಣ್ಣ ಬೆವರಿನೊಡನೆ ಕುಪ್ಪಸದ ಕುತ್ತಿಗೆಗೆ ಹತ್ತುತ್ತದೆ. ಮಾಸಿದ ಬಣ್ಣ ಎಲ್ಲಿಗೂ ಹತ್ತುವುದಿಲ್ಲ, ಇದ್ದಲ್ಲೇ ಇಲ್ಲವಾಗುತ್ತದೆ. ಮೊದಲನೆಯದು ನೀರು, ಉಜ್ಜಾಟಗಳ ಕೆಲಸ, ಎರಡನೆಯದು ಬೆಳಕಿನದು.

ಗಾಜಿನ ಕರಿಮಣಿಯನ್ನೇ ನೋಡಿ. ದಿನವೂ ಸ್ನಾನ, ಬೆವರು, ಅರಿಶಿನ, ಬಿಸಿಲು ಎಲ್ಲವನ್ನೂ ಉಂಡು ಹತ್ತಾರು ವರ್ಷ ಕರಿಮಣಿಯಾಗಿಯೇ ಉಳಿಯುತ್ತದೆ. ಅದರ ಕಪ್ಪು ಮೇಲೆ ಬಳಿದದ್ದಲ್ಲ. ಕಬ್ಬಿಣ, ಮ್ಯಾಂಗನೀಸ್‌ನಂಥ ಲೋಹಗಳು ಗಾಜು ಕರಗಿದಾಗಲೇ ಅದರೊಳಗೆ ಸೇರಿಹೋಗಿರುತ್ತವೆ. ನೀಲಿ ಗಾಜಿನಲ್ಲಿರುವ ಕೋಬಾಲ್ಟ್ ಕೂಡ ಹಾಗೆಯೇ. ಬೆಳಕು ಬಿದ್ದಾಗ ಲೋಹದ ಅಯಾನಿನಲ್ಲಿ ಎಲೆಕ್ಟ್ರಾನೊಂದು ಮೇಲಕ್ಕೆ ಜಿಗಿದು ಮತ್ತೆ ಕೆಳಗಿಳಿಯುತ್ತದೆ, ಅಷ್ಟೇ. ಒಡೆಯಲು ಅಲ್ಲಿ ನಾಜೂಕಾದ ಅಣುವೇ ಇಲ್ಲ. ಆದರೆ ಗಾಜು ಎಂದ ಮಾತ್ರಕ್ಕೆ ನಂಬಬೇಕಿಲ್ಲ. ಪಾರದರ್ಶಕ ಮಣಿಯ ತೂತಿನೊಳಗೆ ಬಣ್ಣ ಬಳಿದು ಇಡೀ ಮಣಿ ಹೊಳೆಯುವಂತೆ ಮಾಡುವುದೂ ಉಂಟು. ಮುರಿದ ಮಣಿಯೊಂದು ಸಿಕ್ಕರೆ ಗುಟ್ಟು ರಟ್ಟಾಗುತ್ತದೆ.

ಚನ್ನಪಟ್ಟಣದ ಮಣಿಯ ಕತೆ ಬೇರೆ. ಹಗುರವಾದ ಆಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗ ಬಣ್ಣ ಕಲೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ತಬ್ಬುತ್ತದೆ. ಅರಗೆಂದರೆ ಪುಟ್ಟ ಕೀಟವೊಂದು ಕೊಂಬೆಯ ಮೇಲೆ ಸ್ರವಿಸುವ ರಾಳ. ಹಳದಿಗೆ ಅರಿಶಿನ ಬೆರೆಸಿದರೆ ಬಣ್ಣ ಬೆಳಗುತ್ತದೆ, ಬೇಗ ಮಾಸುತ್ತದೆ ಕೂಡ. ಅರಿಶಿನದ ಕರ್ಕ್ಯುಮಿನ್ ಅಣುವಿನ ಬಣ್ಣವೆಲ್ಲ ಒಂದು ಬಿಟ್ಟೊಂದರಂತೆ ಬರುವ ಜೋಡಿಕೊಂಡಿಗಳ (ಡಬಲ್ ಬಾಂಡ್) ಸಾಲಿನಲ್ಲಿದೆ. ಬೆಳಕು ಆ ಸಾಲನ್ನು ತುಂಡರಿಸಿದರೆ ಹಳದಿ ಮುಗಿಯಿತು. ನೀಲಿ ಕೊಡುವ ಇಂಡಿಗೊ ಕೂಡ ಗಿಡದ ಬಣ್ಣವೇ, ಆದರೂ ಗಟ್ಟಿಗ. ಹೀರಿದ ಶಕ್ತಿಯನ್ನು ಅದು ತಕ್ಷಣ ಶಾಖವಾಗಿ ಚೆಲ್ಲಿಬಿಡುತ್ತದೆ. ಆದ್ದರಿಂದ ಸಹಜ ಬಣ್ಣವೆಲ್ಲ ಮಾಸುತ್ತದೆ, ಕಾರ್ಖಾನೆಯ ಬಣ್ಣವೆಲ್ಲ ನಿಲ್ಲುತ್ತದೆ ಎಂಬ ಮಾತು ನಿಲ್ಲದು.

ಮೇಲೊಂದು ವಾರ್ನಿಶ್ ಹೊಡೆದರಾಯಿತಲ್ಲ ಎನ್ನುವವರಿದ್ದಾರೆ. ವಾರ್ನಿಶ್ ಬೆವರನ್ನು ತಡೆದೀತು, ಅಂದರೆ ಬಣ್ಣ ಬಿಡುವುದು ಕಡಿಮೆಯಾದೀತು. ಅರಿಶಿನದ ಹಳದಿ ಮಾಸುವುದಕ್ಕಾದರೆ ಅತಿನೇರಳೆ ಕಿರಣ ತಡೆಯುವ ಲೇಪನವೂ ಅರ್ಧ ಉಪಾಯ ಮಾತ್ರ, ಏಕೆಂದರೆ ಕರ್ಕ್ಯುಮಿನ್ ಹೀರುವುದು ಮುಖ್ಯವಾಗಿ ಕಣ್ಣಿಗೆ ಕಾಣುವ ನೀಲಿ, ನೇರಳೆ ಬೆಳಕನ್ನು. ಅದನ್ನೂ ತಡೆದರೆ ಮಣಿಯ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಅಮೆಥಿಸ್ಟ್ ಹರಳು, ಅದರ ನೇರಳೆಗೂ ಕಬ್ಬಿಣವೇ ಕಾರಣ, ಆದರೂ ಬಿಸಿಲಲ್ಲಿ ಮಂಕಾಗುತ್ತದಲ್ಲ? ನಿಜ. ಆದರೆ ಅಲ್ಲಿ ಬಣ್ಣ ಕೂತಿರುವುದು ಭೂಮಿಯೊಳಗಿನ ವಿಕಿರಣ ಕಬ್ಬಿಣದ ಎಲೆಕ್ಟ್ರಾನನ್ನು ಕದಲಿಸಿದ್ದರಿಂದ ಉಂಟಾದ ಸ್ಥಿತಿಯಲ್ಲಿ. ಬೆಳಕು ಎಲೆಕ್ಟ್ರಾನುಗಳನ್ನು ಹಳೆಯ ಜಾಗಕ್ಕೆ ಮರಳಿಸುತ್ತಾ ಹೋದಂತೆ ನೇರಳೆ ತಿಳಿಯಾಗುತ್ತದೆ. ಯಾವ ಧಾತು ಎನ್ನುವುದಕ್ಕಿಂತ ಅದು ಹೇಗೆ ಕೂತಿದೆ ಎನ್ನುವುದೇ ಇಲ್ಲಿಯೂ ಮುಖ್ಯ.

ದೆಹಲಿಯ ಬಿಸಿಲಿನ ಲೆಕ್ಕ ಹಾಕಿ ನೋಡಿ. ಸೂಕ್ಷ್ಮ ಬಣ್ಣದ ಬಟ್ಟೆಗಳಿಗೆ ಸಂಗ್ರಹಾಲಯಗಳು ಇಟ್ಟುಕೊಳ್ಳುವ ಬೆಳಕಿನ ಮಿತಿ ಸುಮಾರು 50 ಲಕ್ಸ್. ನಡು ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ಅತಿನೇರಳೆಯನ್ನು ಬದಿಗಿಟ್ಟರೂ ಒಂದು ಗಂಟೆಯ ಬಿಸಿಲು 2,000 ಗಂಟೆಗಳ ಪ್ರದರ್ಶನಕ್ಕೆ ಸಮ. ದಿನಕ್ಕೆ 8 ಗಂಟೆಯಂತೆ 250 ದಿನ! ಸರದ ಎದೆಯ ಭಾಗ ಮಂಕಾಗಿ, ಜಡೆಯಡಿಯ ಮಣಿಗಳು ಹೊಸತರಂತೆ ಉಳಿಯುವುದು ಇದರಿಂದಲೇ. ಆದ್ದರಿಂದ ಸರ ಪೋಣಿಸುವವರು ಅರಿಶಿನದ ಮಣಿಗಳನ್ನು ಹಿಂದಕ್ಕೆ, ಗಾಜು ಮತ್ತು ನೀಲಿ ಮಣಿಗಳನ್ನು ಮುಂದಕ್ಕೆ ಇಟ್ಟರೆ ಸಾಕಷ್ಟು ಕಾಲ ಗೆದ್ದಂತೆ. ಅನುಮಾನವಿದ್ದರೆ ಮಣಿಯ ಅರ್ಧಕ್ಕೆ ಅಲ್ಯುಮಿನಿಯಂ ಹಾಳೆ ಸುತ್ತಿ ಎರಡು ವಾರ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ಬಿಚ್ಚಿ ನೋಡಬಹುದು. ಅರಗಿನ ಮಣಿಯಾದರೆ ಸುಗಂಧದ್ರವ್ಯವನ್ನು ಸರ ತೊಡುವ ಮೊದಲೇ ಹಾಕಿ ಒಣಗಿಸಿಕೊಳ್ಳಬೇಕು, ಏಕೆಂದರೆ ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ.