ಅಧ್ಯಾಯ 3: ಎಷ್ಟು ಸರಿಯಿತು, ಎಲ್ಲಿ ನಿಂತಿತು?

ಚನ್ನಪಟ್ಟಣದ ಬೊಂಬೆ ಗಾಡಿಯ ಚಕ್ರ ಸರಾಗವಾಗಿ ಉರುಳಬೇಕಾದರೆ ಅಚ್ಚಿನ ಕಡ್ಡಿ ಚಕ್ರದ ತೂತಿನಲ್ಲಿ ಸಿಕ್ಕಿಕೊಳ್ಳಲೂ ಬಾರದು, ಅಲ್ಲಾಡಲೂ ಬಾರದು. ಹಾಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ, ಉಳಿ ಕೊಟ್ಟು ಕಡೆಯುವ ಕುಶಲಕರ್ಮಿ ಇದನ್ನು ಕಣ್ಣಳತೆಯಲ್ಲೇ ಸಾಧಿಸುತ್ತಾರೆ. ಉಳಿ ಎಷ್ಟು ಒಳಗೆ ಹೋಯಿತೆಂದು ಕಣ್ಣು ನೋಡುತ್ತದೆ, ಮರ ಎಷ್ಟು ಎದುರೊತ್ತುತ್ತಿದೆಯೆಂದು ಕೈಗೆ ತಿಳಿಯುತ್ತದೆ, ಹೆಚ್ಚಾದರೆ ಆ ಕ್ಷಣವೇ ಕೈ ಹಿಂದೆ ಸರಿಯುತ್ತದೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿಗೆ ಇದೇ ಕೆಲಸ ಒಪ್ಪಿಸಿದರೆ, ಇವೆಲ್ಲಕ್ಕೂ ಬೇರೆಬೇರೆ ಭಾಗ ಬೇಕು, ಬೇರೆಬೇರೆ ಅಳತೆ ಬೇಕು. ಚಲನ ನಿಯಂತ್ರಣದ ಪದಗಳು ಹುಟ್ಟುವುದು ಇಲ್ಲಿಂದ.

ಆಕ್ಸಿಸ್ ಮತ್ತು ಸ್ಟ್ರೋಕ್

ಯಂತ್ರದ ಒಂದೊಂದು ಸ್ವತಂತ್ರ ಚಲನೆಯೂ ಒಂದು ಆಕ್ಸಿಸ್. ಲೇತಿನಲ್ಲಿ ಉಳಿ ಮರದ ಉದ್ದಕ್ಕೆ ಓಡುವುದು ಜೆಡ್ ಆಕ್ಸಿಸ್, ಮರದ ಒಳಕ್ಕೆ ಇಳಿಯುವುದು ಎಕ್ಸ್ ಆಕ್ಸಿಸ್. ಕಾರು ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಮಾಡುವ ರೋಬಾಟ್ ತೋಳಿಗೆ ಸಾಮಾನ್ಯವಾಗಿ ಆರು ಆಕ್ಸಿಸ್ ಇರುತ್ತವೆ. ಯಾವ ಜಾಗಕ್ಕೆ ಬೇಕಾದರೂ ಯಾವ ಕೋನದಲ್ಲಿ ಬೇಕಾದರೂ ತಲುಪಲು ಅಷ್ಟು ಬೇಕು.

ಒಂದು ಆಕ್ಸಿಸ್ ಈ ಕೊನೆಯಿಂದ ಆ ಕೊನೆಗೆ ಸರಿಯುವ ದೂರ ಸ್ಟ್ರೋಕ್. ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಬಿಸಿನೀರಿನಲ್ಲಿರುವ ಗೂಡಿನಿಂದ ಎದ್ದ ಎಳೆ ರೀಲಿಗೆ ಸುತ್ತಿಕೊಳ್ಳುವ ಮುನ್ನ ಒಂದು ಕೊಕ್ಕೆಯ ಮೂಲಕ ಹಾಯುತ್ತದೆ. ಆ ಕೊಕ್ಕೆ ಎಡಕ್ಕೂ ಬಲಕ್ಕೂ ಓಡಾಡುತ್ತಲೇ ಇರುತ್ತದೆ. ಇದಕ್ಕೆ ಟ್ರಾವರ್ಸ್ ಎನ್ನುತ್ತಾರೆ. ಎಳೆಯ ಮೈಮೇಲೆ ಸೆರಿಸಿನ್ ಎಂಬ ಅಂಟು ಹಸಿಯಾಗಿಯೇ ಇರುವುದರಿಂದ, ಕೊಕ್ಕೆ ನಿಂತಲ್ಲೇ ನಿಂತರೆ ಎಳೆಗಳು ಒಂದರ ಮೇಲೊಂದು ಕೂತು ಒಣಗಿ ಅಂಟಿಬಿಡುತ್ತವೆ. ಇಲ್ಲಿ ಕೊಕ್ಕೆ ಕೂದಲೆಳೆಯಷ್ಟು ಕರಾರುವಾಕ್ಕಾಗಿ ನಿಲ್ಲಬೇಕಿಲ್ಲ. ರೀಲಿನ ಸುತ್ತಿಗೂ ಕೊಕ್ಕೆಯ ಓಟಕ್ಕೂ ಹೊಂದಾಣಿಕೆ ಇದ್ದು, ಎಳೆ ಎಳೆಯನ್ನು ಓರೆಯಾಗಿ ದಾಟುತ್ತಾ ಹರಡಿಕೊಂಡರೆ ಸಾಕು. ಎಲ್ಲ ಚಲನೆಗೂ ಒಂದೇ ಬಗೆಯ ನಿಖರತೆ ಬೇಕಿಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಲೀಡ್ ಮತ್ತು ರೆಸಲ್ಯೂಷನ್

ಮೋಟಾರು ತಿರುಗುತ್ತದೆ, ಉಳಿ ನೇರವಾಗಿ ಸರಿಯಬೇಕು. ನಡುವೆ ಸ್ಕ್ರೂ ಮತ್ತು ನಟ್ ಕೆಲಸ ಮಾಡುತ್ತವೆ. ಸ್ಕ್ರೂ ಒಂದು ಸುತ್ತು ತಿರುಗಿದಾಗ ನಟ್ ಮುಂದೆ ಸರಿಯುವ ದೂರವೇ ಲೀಡ್. ಸ್ಟೆಪ್ಪರ್ ಮೋಟಾರು ಒಂದೊಂದು ವಿದ್ಯುತ್ ಮಿಡಿತಕ್ಕೆ ಒಂದೊಂದು ಹೆಜ್ಜೆ ತಿರುಗುತ್ತದೆ. ಸಾಮಾನ್ಯವಾಗಿ ಸಿಗುವ ಮೋಟಾರಿನಲ್ಲಿ ಹೆಜ್ಜೆಗೆ 1.8 ಡಿಗ್ರಿ, ಅಂದರೆ ಸುತ್ತಿಗೆ 200 ಹೆಜ್ಜೆ. ಲೀಡ್ 5 ಮಿಲಿಮೀಟರ್ ಇದ್ದರೆ ಒಂದು ಹೆಜ್ಜೆಗೆ 0.025 ಮಿಲಿಮೀಟರ್. ಯಂತ್ರ ಇಡಬಲ್ಲ ಇಂಥ ಅತಿ ಸಣ್ಣ ಹೆಜ್ಜೆಯೇ ರೆಸಲ್ಯೂಷನ್. ಲೇತಿನಲ್ಲಿ ಮರ ಸುತ್ತುತ್ತಿರುವುದರಿಂದ ಉಳಿ 0.025 ಒಳಗೆ ಹೋದರೆ ಕಡ್ಡಿಯ ದಪ್ಪ 0.05 ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬಾರದು.

ಬ್ಯಾಕ್‌ಲ್ಯಾಶ್

ಹಳೆಯ ಲೇತಿನ ಹಿಡಿಚಕ್ರವನ್ನು ಮುಂದಕ್ಕೆ ತಿರುಗಿಸಿ, ಆಮೇಲೆ ಹಿಂದಕ್ಕೆ ತಿರುಗಿಸಿ ನೋಡಿ. ಚಕ್ರ ಸ್ವಲ್ಪ ತಿರುಗುತ್ತದೆ, ಉಳಿ ಮಾತ್ರ ಇದ್ದಲ್ಲೇ ಇರುತ್ತದೆ. ಸ್ಕ್ರೂ ಮತ್ತು ನಟ್ ನಡುವಿನ ಈ ಸಡಿಲವೇ ಬ್ಯಾಕ್‌ಲ್ಯಾಶ್. ವರ್ಕ್‌ಶಾಪಿನಲ್ಲಿ ‘ಪ್ಲೇ ಇದೆ’ ಎನ್ನುತ್ತಾರೆ. ಅನುಭವಸ್ಥರು ಅಳತೆಗೆ ಯಾವಾಗಲೂ ಒಂದೇ ಕಡೆಯಿಂದ ಬರುತ್ತಾರೆ; ಆಗ ಸಡಿಲ ಒಂದೇ ಪಕ್ಕಕ್ಕೆ ಸರಿದಿರುತ್ತದೆ. ಸ್ಕ್ರೂ ಮತ್ತು ನಟ್ಟಿನ ಎಳೆಗಳ ನಡುವೆ ಗುಂಡುಗಳು ಉರುಳುವ ಬಾಲ್ ಸ್ಕ್ರೂನಲ್ಲಿ ಪ್ಲೇ ತೀರಾ ಕಡಿಮೆ, ಬೆಲೆ ಹೆಚ್ಚು.

ಓಪನ್ ಲೂಪ್, ಕ್ಲೋಸ್ಡ್ ಲೂಪ್

ಉಳಿಗೆ ಮರದ ಗಂಟು ಅಡ್ಡ ಸಿಕ್ಕಿ ಸ್ಟೆಪ್ಪರ್ ಮೋಟಾರು ನಾಲ್ಕು ಹೆಜ್ಜೆ ತಪ್ಪಿತೆನ್ನಿ. ಕಂಪ್ಯೂಟರಿಗೆ ಅದು ಗೊತ್ತೇ ಆಗುವುದಿಲ್ಲ. ಕಳಿಸಿದ ಮಿಡಿತಗಳನ್ನಷ್ಟೇ ಎಣಿಸಿ, ಉಳಿ ಅಲ್ಲಿಗೇ ತಲುಪಿದೆಯೆಂದು ನಂಬುತ್ತದೆ. ಇದು ಓಪನ್ ಲೂಪ್. ಸರ್ವೋ ಮೋಟಾರಿಗೆ ಎನ್‌ಕೋಡರ್ ಎಂಬ ಸುತ್ತಳೆಯುವ ಸಾಧನ ಜೋಡಿಸಿ, ನಿಜಕ್ಕೂ ಎಷ್ಟು ತಿರುಗಿತೆಂದು ತಿಳಿದು ತಿದ್ದಿಕೊಳ್ಳುವುದು ಕ್ಲೋಸ್ಡ್ ಲೂಪ್. ಇದರಲ್ಲೂ ಒಂದು ಸೂಕ್ಷ್ಮವಿದೆ. ಮೋಟಾರಿನ ಬೆನ್ನಿಗಿರುವ ಎನ್‌ಕೋಡರ್ ಮೋಟಾರನ್ನಷ್ಟೇ ನೋಡುತ್ತದೆ. ಸ್ಕ್ರೂವಿನ ಪ್ಲೇ ಅದಕ್ಕೆ ಕಾಣದು. ಅದೂ ಕಾಣಬೇಕಾದರೆ ಉಳಿಯ ಪೀಠಕ್ಕೇ ಅದು ಸರಿದ ದೂರವನ್ನು ನೇರವಾಗಿ ಅಳೆಯುವ ಲೀನಿಯರ್ ಸ್ಕೇಲ್ ಕೂರಿಸಬೇಕು.

ಕರೆಂಟು ಹೋಗಿ ಬಂದರೆ ಇಂಥ ಎಷ್ಟೋ ಯಂತ್ರಗಳಿಗೆ ತಾವೆಲ್ಲಿದ್ದೇವೆಂದೇ ತಿಳಿಯದು. ಆಗ ಪೀಠ ಒಂದು ಕೊನೆಗೆ ಓಡಿ, ಅಲ್ಲಿನ ಸ್ವಿಚ್ಚನ್ನು ಮುಟ್ಟಿ, ಅಲ್ಲಿಂದ ಹೊಸದಾಗಿ ಎಣಿಕೆ ಶುರುಮಾಡುತ್ತದೆ. ಇದು ಹೋಮಿಂಗ್.

ಅಕ್ಯುರಸಿ ಮತ್ತು ರಿಪೀಟಬಿಲಿಟಿ

ಹೆಚ್ಚಿನವರು ಗೊಂದಲಗೊಳ್ಳುವುದು ಇಲ್ಲೇ. ಕಡ್ಡಿಯ ದಪ್ಪ 6 ಮಿಲಿಮೀಟರ್ ಎಂದು ಯಂತ್ರಕ್ಕೆ ಹೇಳಿ ಹತ್ತು ಕಡ್ಡಿ ಕಡೆಸಿ, ವರ್ನಿಯರ್ ಹಿಡಿದು ಅಳೆಯಿರಿ. ಹತ್ತೂ 6.2ರ ಆಸುಪಾಸಿನಲ್ಲೇ ಬಂದರೆ ಯಂತ್ರದ ಅಕ್ಯುರಸಿ ಕೆಟ್ಟದ್ದು, ಆದರೆ ರಿಪೀಟಬಿಲಿಟಿ ಚೆನ್ನಾಗಿದೆ: ಗುರಿ ತಪ್ಪಿದೆ, ಆದರೆ ಪ್ರತಿಸಲವೂ ಅಷ್ಟೇ ತಪ್ಪಿದೆ. ಉಳಿಯ ಆಫ್‌ಸೆಟ್ಟನ್ನು, ಅಂದರೆ ಅದರ ಸ್ಥಾನಕ್ಕೆ ಯಂತ್ರದಲ್ಲಿ ಕೊಡುವ ತಿದ್ದುಪಡಿಯನ್ನು, 0.1 ಒಳಕ್ಕೆ ಬದಲಿಸಿದರೆ ಕೆಲಸ ಮುಗಿಯಿತು. ಅದರ ಬದಲು ಕೆಲವು 5.8, ಕೆಲವು 6.2 ಬಂದರೆ ಸರಾಸರಿ ಸರಿಯಾಗಿ 6 ಇರಬಹುದು, ಆದರೆ ಅರ್ಧ ಕಡ್ಡಿಗಳು ಚಕ್ರದೊಳಕ್ಕೆ ಹೋಗುವುದಿಲ್ಲ, ಇನ್ನರ್ಧ ಸಡಿಲವಾಗಿ ಅಲ್ಲಾಡುತ್ತವೆ. ಈ ಚೆದುರನ್ನು ಯಾವ ಆಫ್‌ಸೆಟ್ಟೂ ಸರಿಮಾಡಲಾರದು. ಸಡಿಲವಾದ ನಟ್ಟನ್ನೋ ಸವೆದ ಗೈಡನ್ನೋ ಹುಡುಕಿ ಬದಲಿಸಬೇಕು. ಹೆಜ್ಜೆಯನ್ನು 0.025ರಿಂದ 0.0025ಕ್ಕೆ ಇಳಿಸಿದರೂ ಫಲವಿಲ್ಲ, ಏಕೆಂದರೆ ತಪ್ಪು ಹೆಜ್ಜೆಯದ್ದಲ್ಲ.

ಎಷ್ಟು ನಿಖರತೆ ಸಾಕು?

ಮಾರಾಟದ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗಿರುವುದು ಬಹುತೇಕ ರೆಸಲ್ಯೂಷನ್. ಕೊಳ್ಳುವವರು ಮೊದಲು ಕೇಳಬೇಕಾದದ್ದು ರಿಪೀಟಬಿಲಿಟಿ, ಆಮೇಲೆ ಬ್ಯಾಕ್‌ಲ್ಯಾಶ್, ಆಮೇಲೆ ಸ್ಟ್ರೋಕ್ ಮತ್ತು ಹೊರುವ ಭಾರ. ಜೊತೆಗೆ ಕಡೆಯುವ ವಸ್ತುವನ್ನೂ ನೆನೆಯಬೇಕು. ಚೆನ್ನಾಗಿ ಒಣಗದ ಮರ ಕಡೆದ ಮೇಲೂ ಕುಗ್ಗುತ್ತದೆ. ಅದರ ಮೇಲೆ ಅರಗಿನ ಪದರವೂ ಕೂರುತ್ತದೆ. ಇಂಥ ಕಡೆ ಮೈಕ್ರಾನ್ ಲೆಕ್ಕದ ಯಂತ್ರಕ್ಕೆ ದುಡ್ಡು ಸುರಿಯುವುದಕ್ಕಿಂತ ಮರವನ್ನು ಹದವಾಗಿ ಒಣಗಿಸುವುದೇ ಲಾಭ. ಡೀಸೆಲ್ ಇಂಜೆಕ್ಟರಿನಂಥ ಲೋಹದ ಭಾಗ ಕಡೆಯುವವರಿಗೆ ಅದೇ ಮೈಕ್ರಾನ್ ಅನಿವಾರ್ಯ. ಯಂತ್ರ ನೋಡಲು ಹೋಗುವಾಗ ನಿಮ್ಮದೇ ಹತ್ತು ತುಂಡು ಮರ, ಒಂದು ವರ್ನಿಯರ್ ಒಯ್ಯಿರಿ. ಕಡೆಸಿ, ಅಳೆದು, ಆಮೇಲೆ ಬೆಲೆ ಮಾತಾಡಿ.