ರಾತ್ರಿಯ ಹೆಜ್ಜೆಗೆ ತಕ್ಕ ಬೆಳಕು: ಎಲ್‌ಇಡಿ ಟಾರ್ಚಿನ ಆಯ್ಕೆ

ಆರೋಗ್ಯ ರಕ್ಷಣೆ ಎಂದೊಡನೆ ಆಹಾರ, ವ್ಯಾಯಾಮ, ಔಷಧಿಗಳು ನಮ್ಮ ನೆನಪಿಗೆ ಬರುತ್ತವೆ. ಕತ್ತಲೆಯಲ್ಲಿ ಕಾಲಿಡುವ ಮುನ್ನ ಕೈಯಲ್ಲೊಂದು ಬೆಳಕಿರಬೇಕೆಂಬುದೂ ಆರೋಗ್ಯದ ನಿಯಮವೇ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ರಾತ್ರಿ ವೇಳೆ ತ್ರೀಫೇಸ್ ವಿದ್ಯುತ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತರು, ನಸುಕಿನಲ್ಲಿ ದನದ ಕೊಟ್ಟಿಗೆಗೆ ಹೋಗುವ ತಾಯಂದಿರು, ನಡುರಾತ್ರಿ ಬಚ್ಚಲಿಗೆಂದು ಏಳುವ ವೃದ್ಧರು ಇವರೆಲ್ಲರ ಕ್ಷೇಮವು ಒಂದು ಸಣ್ಣ ಟಾರ್ಚಿನ ಮೇಲೆ ನಿಂತಿರುತ್ತದೆ.

ಇದರಲ್ಲಿ ಅತಿಶಯೋಕ್ತಿಯಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಡಿತದಿಂದ ಮೃತಪಟ್ಟಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅಂದರೆ ವರ್ಷಕ್ಕೆ ಸರಾಸರಿ 58,000 ಸಾವುಗಳು. ಅವುಗಳಲ್ಲಿ ಬಹುಪಾಲು ಗ್ರಾಮೀಣ ಪ್ರದೇಶದವು. ಅರ್ಧದಷ್ಟು ಮಳೆಗಾಲದ ತಿಂಗಳುಗಳಲ್ಲಿ ಸಂಭವಿಸಿದವು. ನಮ್ಮ ರಾಜ್ಯ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕೊಳಕುಮಂಡಲ ಮತ್ತು ಕಟ್ಟುಹಾವುಗಳು ಹೆಚ್ಚಾಗಿ ಸಂಚರಿಸುವುದು ಕತ್ತಲಾದ ಮೇಲೆಯೇ. ದಾರಿಯ ಮೇಲೆ ಮಲಗಿದ ಕೊಳಕುಮಂಡಲವು ತರಗೆಲೆಗಳ ನಡುವೆ ಸುಲಭವಾಗಿ ಕಾಣುವುದಿಲ್ಲ. ಅದನ್ನು ತುಳಿಯುವ ಮೊದಲೇ ಕಾಣುವಂತೆ ಮಾಡುವುದು ಬೆಳಕೊಂದೇ.

ಹಾಗಾದರೆ ಎಂತಹ ಟಾರ್ಚನ್ನು ಕೊಳ್ಳಬೇಕು? ಅಂಗಡಿಯಲ್ಲಿ ಕೇಳಿದರೆ ‘ಇದು ಒಂದು ಕಿಲೋಮೀಟರ್ ಹೊಡೆಯುತ್ತದೆ’ ಎಂಬ ಉತ್ತರ ಸಿಗುತ್ತದೆ. ಆದರೆ ನಮ್ಮ ಪಾದವಿರುವುದು ಒಂದು ಕಿಲೋಮೀಟರಿನಾಚೆಯಲ್ಲ; ಮುಂದಿನ ನಾಲ್ಕೈದು ಮೀಟರುಗಳಲ್ಲಿ. ಆದ್ದರಿಂದ ಬೆಲೆಯನ್ನು ವಿಚಾರಿಸುವ ಮೊದಲು ಮೂರು ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳಬೇಕು. ಈ ಬೆಳಕು ಎಲ್ಲಿಗೆ ಬೇಕು? ಯಾರ ಕೈಗೆ ಬೇಕು? ಎಷ್ಟು ಹೊತ್ತು ಬೇಕು?

ಲ್ಯೂಮೆನ್ ಮತ್ತು ದೂರ

ಟಾರ್ಚಿನ ಡಬ್ಬಿಯ ಮೇಲೆ ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ. ಲ್ಯೂಮೆನ್ ಎಂಬುದು ಟಾರ್ಚಿನಿಂದ ಹೊರಡುವ ಒಟ್ಟು ಬೆಳಕಿನ ಅಳತೆ. ಮೀಟರ್‌ಗಳಲ್ಲಿ ಹೇಳುವ ದೂರವು ಆ ಬೆಳಕು ಎಷ್ಟು ಒಟ್ಟುಗೂಡಿ ಮುಂದಕ್ಕೆ ಸಾಗುತ್ತದೆ ಎಂಬುದರ ಅಳತೆ. ಒಂದೇ ಪ್ರಮಾಣದ ನೀರನ್ನು ಪೈಪಿನ ಬಾಯಿ ಒತ್ತಿಹಿಡಿದು ದೂರಕ್ಕೂ ಚಿಮ್ಮಿಸಬಹುದು, ಬಾಯಿ ಬಿಟ್ಟು ಹತ್ತಿರಕ್ಕೂ ಹರಡಬಹುದು. ಬೆಳಕಿನ ರೀತಿಯೂ ಹಾಗೆಯೇ.

ದೂರದ ಅಳತೆಗೆ ಒಂದು ಅಂತರರಾಷ್ಟ್ರೀಯ ಬಳಕೆಯಿದೆ. ಬೆಳಕು ಕಾಲು ಲಕ್ಸ್, ಅಂದರೆ ಸುಮಾರು ಹುಣ್ಣಿಮೆಯ ಬೆಳದಿಂಗಳಿನಷ್ಟು, ಕ್ಷೀಣವಾಗುವ ಸ್ಥಳವನ್ನೇ ಟಾರ್ಚಿನ ದೂರವೆಂದು ಪರಿಗಣಿಸುತ್ತಾರೆ. ಆದ್ದರಿಂದ ‘200 ಮೀಟರ್’ ಎಂದು ಬರೆದ ಟಾರ್ಚು ಆ 200ನೆಯ ಮೀಟರಿನಲ್ಲಿ ಬೆಳದಿಂಗಳಿನಷ್ಟೇ ಬೆಳಕು ಕೊಡುತ್ತದೆ. ಅರ್ಧ ದೂರದಲ್ಲಿ ಬೆಳಕು ನಾಲ್ಕು ಪಟ್ಟು ಹೆಚ್ಚಿರುತ್ತದೆ. ಅದೇ ರೀತಿ ‘10 ಗಂಟೆ ಉರಿಯುತ್ತದೆ’ ಎಂಬ ಮಾತು ಬೆಳಕು ಆರಂಭದ ಹತ್ತನೆಯ ಒಂದು ಭಾಗಕ್ಕೆ ಇಳಿಯುವವರೆಗಿನ ಅವಧಿಯನ್ನು ಸೂಚಿಸುತ್ತದೆ. ಕೊನೆಯ ಗಂಟೆಗಳಲ್ಲಿ ಅದು ಮಂಕಾಗಿರಬಹುದೆಂಬುದನ್ನು ನಾವು ತಿಳಿದಿರಬೇಕು.

ಯಾರಿಗೆ ಯಾವುದು?

ಹೊಲ, ತೋಟ, ಕಾಲುದಾರಿಗಳಲ್ಲಿ ನಡೆಯುವವರಿಗೆ ಅಗಲವಾಗಿ ಹರಡುವ ಬೆಳಕು ಉತ್ತಮ. 100ರಿಂದ 200 ಲ್ಯೂಮೆನ್ ಇದ್ದರೆ ಸಾಕು. ದಾರಿಯ ಮಧ್ಯದಲ್ಲಿ ಸಣ್ಣ ವೃತ್ತವೊಂದನ್ನು ಮಾತ್ರ ಪ್ರಖರವಾಗಿ ಬೆಳಗಿಸಿ ಎರಡೂ ಬದಿಗಳನ್ನು ಕತ್ತಲಲ್ಲಿ ಬಿಡುವ ಟಾರ್ಚು ಈ ಕೆಲಸಕ್ಕೆ ತಕ್ಕುದಲ್ಲ. ಬೆಳೆ ಕಾಯುವವರಿಗೆ, ದೂರದ ಬದುವಿನವರೆಗೆ ನೋಡಬೇಕಾದವರಿಗೆ ದೂರ ಸಾಗುವ ಬೆಳಕು ಬೇಕು. ಅಂಥವರು ಎರಡೂ ಬಗೆಯಲ್ಲಿ ಹೊಂದಿಸಬಹುದಾದ ಟಾರ್ಚನ್ನು ಆರಿಸಿಕೊಳ್ಳುವುದು ಲೇಸು.

ಹಾಲು ಕರೆಯುವವರಿಗೆ, ವಾಲ್ವ್ ತಿರುಗಿಸುವವರಿಗೆ ಎರಡೂ ಕೈಗಳು ಬಿಡುವಾಗಿರಬೇಕು. ಅವರಿಗೆ ಹಣೆಗೆ ಕಟ್ಟಿಕೊಳ್ಳುವ ಟಾರ್ಚು ಅನುಕೂಲ. ಆದರೆ ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ವಸ್ತುಗಳ ನೆರಳು ಅವುಗಳ ಹಿಂದೆಯೇ ಮರೆಯಾಗಿ, ನೆಲದ ಉಬ್ಬುತಗ್ಗುಗಳು ಸಪಾಟಾಗಿ ಕಾಣುತ್ತವೆ. ನಡೆಯುವಾಗ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಕಲ್ಲು, ಗುಂಡಿ, ಹಾವುಗಳ ನೆರಳು ಎದ್ದು ಕಾಣುತ್ತದೆ.

ಮನೆಯ ಹಿರಿಯರ ಅಗತ್ಯ ಬೇರೆಯೇ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಮಬ್ಬಾಗುತ್ತದೆ. ಆದ್ದರಿಂದ ಅವರಿಗೆ ಬೆಳಕು ಹೆಚ್ಚು ಬೇಕು; ಆದರೆ ಪೊರೆ ಬಂದ ಕಣ್ಣಿಗೆ ಪ್ರಖರ ಬೆಳಕು ಇನ್ನಷ್ಟು ಕುಕ್ಕುತ್ತದೆ. ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ನಡುರಾತ್ರಿ ಒಮ್ಮೆಲೇ ತೀಕ್ಷ್ಣ ಬಿಳಿ ಬೆಳಕನ್ನು ಹಾಕಿ ಆರಿಸಿದರೆ ಆ ಹೊಂದಾಣಿಕೆ ಕೆಟ್ಟು, ಕ್ಷಣಕಾಲ ಏನೂ ಕಾಣದಂತಾಗುತ್ತದೆ. ಮುಪ್ಪಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ. ಅವರ ಹಾಸಿಗೆಯ ಬಳಿ ಹಳದಿ ಛಾಯೆಯ, ಕಡಿಮೆ ಮತ್ತು ಹೆಚ್ಚು ಎಂಬ ಎರಡು ಹಂತಗಳುಳ್ಳ ಹಗುರವಾದ ಟಾರ್ಚಿರಲಿ. ಅದರ ಗುಂಡಿ ದೊಡ್ಡದಾಗಿರಲಿ, ನಡುಗುವ ಬೆರಳಿಗೂ ಸುಲಭವಾಗಿ ಸಿಗಲಿ. ಅದು ದಿನವೂ ಒಂದೇ ಸ್ಥಳದಲ್ಲಿರಲಿ.

ಬೆಳಕಿನ ಬಣ್ಣ

ಸಾಮಾನ್ಯ ಎಲ್‌ಇಡಿಯ ಬಿಳಿ ಬೆಳಕು ನೀಲಿ ಬೆಳಕಿನಿಂದಲೇ ಹುಟ್ಟುತ್ತದೆ. ನೀಲಿ ಎಲ್‌ಇಡಿಯ ಮೇಲೆ ಲೇಪಿಸಿದ ಫಾಸ್ಫರ್ ವಸ್ತುವು ಅದರ ಒಂದಂಶವನ್ನು ಹಳದಿಯಾಗಿಸಿದಾಗ ಎರಡೂ ಕೂಡಿ ಬಿಳಿಯಾಗಿ ಕಾಣುತ್ತದೆ. ಈ ನೀಲಿ ಎಲ್‌ಇಡಿಯನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಅಗ್ಗದ ಟಾರ್ಚುಗಳಲ್ಲಿ ನೀಲಿಯ ಅಂಶ ಅಧಿಕವಾಗಿದ್ದು, ಕಂದು, ಕೆಂಪು ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಒಣ ಎಲೆ ಯಾವುದು, ಹಾವು ಯಾವುದು ಎಂದು ಗುರುತಿಸಲು ಈ ವ್ಯತ್ಯಾಸವೇ ಮುಖ್ಯ. ಅಂಗಡಿಯಲ್ಲಿ ಟಾರ್ಚನ್ನು ನಮ್ಮ ಅಂಗೈಯ ಮೇಲೆ ಬಿಟ್ಟು ನೋಡೋಣ. ಅಂಗೈ ಹಗಲಿನಂತೆ ನಸುಗೆಂಪಾಗಿ ಕಂಡರೆ ಬೆಳಕು ಒಳ್ಳೆಯದು. ನಿಸ್ತೇಜವಾಗಿ ಕಂಡರೆ ಬೇರೊಂದನ್ನು ನೋಡುವುದು ಒಳಿತು.

ಬ್ಯಾಟರಿ ಮತ್ತು ಬಾಳಿಕೆ

ದಿನವೂ ಬಳಸುವವರಿಗೆ ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿಯ ಟಾರ್ಚು ಮಿತವ್ಯಯದ್ದು. ಅದನ್ನು ಬಿಸಿಲಿನಲ್ಲಿಡಬಾರದು, ಬ್ಯಾಟರಿ ಉಬ್ಬಿದರೆ ಬಳಸಬಾರದು, ಬೆಂಕಿಗೆ ಎಸೆಯಬಾರದು. ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವ ಅಗ್ಗದ ಟಾರ್ಚುಗಳಲ್ಲಿ ಅನೇಕವು ಸೀಸದ ಬ್ಯಾಟರಿಯವು. ಪೂರ್ತಿ ಇಳಿದ ಸ್ಥಿತಿಯಲ್ಲಿ ಅವುಗಳನ್ನು ವಾರಗಟ್ಟಲೆ ಬಿಟ್ಟರೆ ಬೇಗನೆ ಹಾಳಾಗುತ್ತವೆ. ವಿದ್ಯುತ್ತು ಪದೇಪದೇ ಹೋಗುವ ಊರುಗಳಲ್ಲಿ ಕಿರಾಣಿ ಅಂಗಡಿಯಲ್ಲಿಯೂ ಸಿಗುವ ಸಾಧಾರಣ ಸೆಲ್ಲುಗಳ ಟಾರ್ಚೊಂದನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ಜಾಣತನ. ಬಳಸದಿರುವಾಗ ಸೆಲ್ಲುಗಳನ್ನು ಹೊರತೆಗೆದಿಟ್ಟರೆ ಅವು ಸೋರಿ ಟಾರ್ಚು ಕೆಡುವುದಿಲ್ಲ.

ಮಳೆಯಲ್ಲಿ ಹೋಗುವವರು ‘ಐಪಿಎಕ್ಸ್4’ ಅಥವಾ ಅದಕ್ಕಿಂತ ಹೆಚ್ಚಿನ ಗುರುತನ್ನು ನೋಡಬೇಕು. 4 ಎಂದರೆ ನೀರಿನ ಸಿಡಿತವನ್ನು ತಡೆಯುತ್ತದೆ. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಬಿದ್ದಿದ್ದರೂ ಕೆಡುವುದಿಲ್ಲ. ಕಾಲುವೆಯ ದಂಡೆಯಲ್ಲಿ ಓಡಾಡುವವರಿಗೆ ಎರಡನೆಯದೇ ಸೂಕ್ತ.

ಮೊಬೈಲಿನಲ್ಲಿ ಟಾರ್ಚಿದೆಯಲ್ಲ ಎಂದು ಹಲವರು ಕೇಳುತ್ತಾರೆ. ಆಪತ್ತಿಗೆ ಅದು ಆದೀತು. ಆದರೆ ಅದರ ಬೆಳಕು ಹತ್ತಿರಕ್ಕಷ್ಟೇ ಸಾಲುತ್ತದೆ. ದಾರಿಗೆಂದು ಅದರ ಚಾರ್ಜನ್ನು ಮುಗಿಸಿಬಿಟ್ಟರೆ ಆಂಬುಲೆನ್ಸಿಗೆ ಕರೆ ಮಾಡಬೇಕಾದ ಹೊತ್ತಿನಲ್ಲಿ ಫೋನೇ ಇಲ್ಲದಂತಾಗುತ್ತದೆ.

ಮಕ್ಕಳ ವಿಷಯದಲ್ಲಿ ಎಚ್ಚರ

ಪ್ರಖರವಾದ ಎಲ್‌ಇಡಿಯನ್ನು ನೇರವಾಗಿ ದಿಟ್ಟಿಸುವುದು ಕಣ್ಣಿಗೆ ಹಿತವಲ್ಲ. ಮಕ್ಕಳು ಅದನ್ನು ಒಬ್ಬರ ಮುಖಕ್ಕೊಬ್ಬರು ಹಿಡಿದು ಆಡದಂತೆ ನೋಡಿಕೊಳ್ಳಬೇಕು. ಇನ್ನೂ ದೊಡ್ಡ ಅಪಾಯ ಕೀಲಿಗೊಂಚಲಿನ ಪುಟ್ಟ ಟಾರ್ಚುಗಳಲ್ಲಿರುವ ಗುಂಡಿಯಾಕಾರದ ಸೆಲ್ಲಿನದು. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರವಾದ ಸುಟ್ಟಗಾಯವಾಗಬಲ್ಲದು. ನುಂಗಿದ ಸಂಶಯ ಬಂದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೆಳಕಿನೊಡನೆ ವಿವೇಕ

ಟಾರ್ಚು ಹಾವನ್ನು ತೋರಿಸುತ್ತದೆಯೇ ಹೊರತು ಓಡಿಸುವುದಿಲ್ಲ. ಆದ್ದರಿಂದ ಹೊಲಕ್ಕೆ ಹೋಗುವಾಗ ಪಾದ, ಮೀನಖಂಡಗಳನ್ನು ಮುಚ್ಚುವ ಬೂಟುಗಳನ್ನು ಧರಿಸಬೇಕು. ಕಟ್ಟುಹಾವು ಮಲಗಿದವರನ್ನು ಕಚ್ಚುವುದೇ ಹೆಚ್ಚು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿಕೊಳ್ಳಬೇಕು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಕಚ್ಚಿಸಿಕೊಂಡವರನ್ನು ನಡೆಸದೆ, ಧೈರ್ಯ ಹೇಳಿ, 108ಕ್ಕೆ ಕರೆ ಮಾಡಿ ಪ್ರತಿವಿಷವಿರುವ ಆಸ್ಪತ್ರೆಗೆ ಬೇಗನೆ ಸಾಗಿಸಬೇಕು.

ಎಷ್ಟೇ ಬೆಲೆಯ ಟಾರ್ಚಾದರೂ ಚಾರ್ಜಿಲ್ಲದೆ ಮೊಳೆಗೆ ತೂಗುತ್ತಿದ್ದರೆ ಪ್ರಯೋಜನವಿಲ್ಲ. ಮುಸ್ಸಂಜೆ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಟಾರ್ಚನ್ನೂ ಒಮ್ಮೆ ಹಾಕಿ ನೋಡುವ ರೂಢಿಯನ್ನು ನಾವೆಲ್ಲರೂ ಮಾಡಿಕೊಳ್ಳೋಣ. ರಾತ್ರಿ ಹೊರಗೆ ಹೊರಟವರ ಕೈಯಲ್ಲಿ ಅದಿದೆಯೇ ಎಂದು ಮನೆಯವರು ಕೇಳಲಿ. ಹೋದವರು ಕ್ಷೇಮವಾಗಿ ಮರಳಿ ಬರಲು ಆ ಒಂದು ಮಾತು ನೆರವಾಗುತ್ತದೆ.